ಕಡೆಯ ಗಂಟು

ನಾನು ಮೊಟ್ಟಮೊದಲು ಹೆರಿಗೆ ಮಾಡಿಸಿದ್ದು ಕುಂಬಳಕಾಯಿಗಳಿಗೆ. ನಗಬೇಡಿ, ಖರೆ ಹೇಳುತ್ತಿದ್ದೇನೆ. ಮೂಡಲಗಿಯ ನಮ್ಮ ಮನೆಯ ಹಿತ್ತಲಗೋಡೆಯ ಮೇಲೆ ಕುಂಬಳದ ಬಳ್ಳಿಯೊಂದು ಹಬ್ಬಿ ಕಾಯಿ ಬಿಟ್ಟಿತ್ತು. ಕೂಸು ಹುಟ್ಟಿದ ಮೇಲೆ ಹೊಕ್ಕುಳಬಳ್ಳಿಯನ್ನು ಎರಡು ಕಡೆ ಬಿಗಿದು ಕಟ್ಟಿ ನಡುವೆ ಕತ್ತರಿಸಬೇಕು ಅಂತ ನಾನು ಪುಸ್ತಕದಲ್ಲಿ ಓದಿದ್ದೆ. ಓದಿದ್ದನ್ನು ಮಾಡಿ ನೋಡದಿದ್ದರೆ ನನಗೆ ಸಮಾಧಾನವಿಲ್ಲ. ಕಾಯಿಯ ತೊಟ್ಟು ಮುಟ್ಟಿ ನೋಡಿದೆ. ಹಸಿಯಾಗಿ, ಮೆತ್ತಗೆ, ಒಳಗೆ ನೀರು ತುಂಬಿಕೊಂಡಿತ್ತು. ಇದಕ್ಕಿಂತ ಒಳ್ಳೆಯದು ಎಲ್ಲಿ ಸಿಗಬೇಕು? ಒಂದಕ್ಕೆ ದಾರ ಕಟ್ಟಿ ಕೊಯ್ದೆ. ಗಂಟು ಸಡಿಲಾಯಿತು. ಇನ್ನೊಂದಕ್ಕೆ ಕಟ್ಟಿದೆ. ಅದು ಕೊಂಚ ಸರಿಬಂತು. ಹುರುಪು ಹೆಚ್ಚಿತು. ನೋಡನೋಡುತ್ತಿದ್ದಂತೆ ಬಳ್ಳಿಯ ಮೇಲೆ ಒಂದು ಕಾಯಿಯೂ ಉಳಿಯಲಿಲ್ಲ.

ಪಲ್ಯಕ್ಕೆ ಕಾಯಿ ಕೊಯ್ಯಲು ಬಂದ ನಮ್ಮತ್ತೆ, ಗೋಡೆಯ ಬುಡದಲ್ಲಿ ಸಾಲಾಗಿ ಮಲಗಿದ್ದ ಕಾಯಿಗಳನ್ನು ನೋಡಿ ಸೊಂಟದ ಮೇಲೆ ಕೈ ಇಟ್ಟು ನಿಂತರು. ಪ್ರತಿಯೊಂದರ ತೊಟ್ಟಿಗೂ ಬಿಳಿ ದಾರ.

“ಏನ ಹುಡುಗಿ, ಇವೆಲ್ಲಾ ಯಾವಾಗ ಹಡದವು?”

“ಈಗ ಮುಂಜಾನಿ, ಅತ್ತಿ.”

“ಅರ್ಧಕ್ಕರ್ಧ ಇನ್ನಾ ದಿನಾ ತುಂಬಿಲ್ಲಲ್ಲ! ಇವನ್ನ ನೀ ಹಡಿಸೀದಿ ಅಂತ ಊರಾಗ ಹೇಳಬ್ಯಾಡವ್ವ, ನನ್ನ ಹೆಸರು ಕೆಡತೈತಿ.”

ಆ ವಾರವೆಲ್ಲ ನಮ್ಮ ಮನೆಯಲ್ಲಿ ಕುಂಬಳಕಾಯಿಯದೇ ಊಟ. ನಮ್ಮ ಮನೆಯವರು ರೊಟ್ಟಿ ಮುರಿದು ಪಲ್ಯಕ್ಕೆ ಕೈ ಹಾಕುವ ಮುಂಚೆ ಗಂಭೀರವಾಗಿ ಕೇಳುತ್ತಿದ್ದರು, “ಇದು ಗಂಡೋ ಹೆಣ್ಣೋ?”

ನಮ್ಮತ್ತೆ ಮೂಡಲಗಿಯ ಸೂಲಗಿತ್ತಿ. ಬಾಜೂ ಹಳ್ಳಿಗಳಿಂದಲೂ ಅವರಿಗೆ ಚಕ್ಕಡಿ ಬರುತ್ತಿತ್ತು. ಅವರ ಕೈಯಲ್ಲಿ ಹುಟ್ಟಿದ ಹುಡುಗಿಯರು ದೊಡ್ಡವರಾಗಿ ಮತ್ತೆ ಅವರ ಕೈಗೇ ಹಡೆಯಲು ಬರುತ್ತಿದ್ದರು. ನಾನು ಹುಕ್ಕೇರಿ ಕಡೆಯ ಹಳ್ಳಿಯಿಂದ ಸೊಸೆಯಾಗಿ ಬಂದವಳು. ನಾಲ್ಕನೆಯ ಇಯತ್ತೆಯವರೆಗೆ ಮರಾಠಿ ಸಾಲಿ ಕಂಡವಳು. ಮೊದಮೊದಲು ಅತ್ತೆ ಬುಟ್ಟಿ ಹಿಡಿದು ಹೊರಟರೆ ನಾನು ಬಾಗಿಲಲ್ಲೇ ಉಳಿಯುತ್ತಿದ್ದೆ. ಒಂದು ದಿನ ಅವರ ಜೊತೆ ಬರಬೇಕಾದವಳಿಗೆ ಜ್ವರ ಬಂದು, “ನಡಿ, ಬೆನ್ನ ಕೊಡಾಕ ಒಬ್ಬಾಕಿ ಬೇಕು” ಅಂತ ನನ್ನನ್ನು ಕರೆದರು.

ಬೆನ್ನು ಕೊಡುವುದು ಅಂದರೆ ಹೀಗೆ: ಬೇನೆ ತಿನ್ನುವವಳು ಕುಕ್ಕರಗಾಲಲ್ಲಿ ಕೂತಿರುತ್ತಾಳೆ, ಸೂಲಗಿತ್ತಿ ಅವಳ ಮುಂದೆ. ಅವಳ ಹಿಂದೆ ಇನ್ನೊಬ್ಬಳು ಬೆನ್ನಿಗೆ ಬೆನ್ನು ಹಚ್ಚಿ, ಕಾಲು ಊರಿ ಕೂರಬೇಕು. ಅವಳು ಒರಗಿದಾಗ ಗೋಡೆಯಾಗಬೇಕು. ಕೆಲಸ ಇಷ್ಟೇ ಅನ್ನಿಸುತ್ತದೆ. ಆದರೆ ಕೂತು ನೋಡಿ! ಹಿಂದಿನವಳ ಮುಖ ಕಾಣುವುದಿಲ್ಲ, ಏನಾಗುತ್ತಿದೆ ಅಂತ ತಿಳಿಯುವುದಿಲ್ಲ, ಎದುರಿಗೆ ಬರೀ ಗೋಡೆ. ಆಮೇಲಾಮೇಲೆ ಬೆನ್ನೇ ಎಲ್ಲ ಹೇಳತೊಡಗುತ್ತದೆ. ಬೇನೆ ಏಳುವ ಮುಂಚೆ ಅವಳ ಬೆನ್ನು ಒಂದು ಸಲ ಬಿಸಿಯಾಗಿ ಗಟ್ಟಿಯಾಗುತ್ತದೆ. ಬಾಯಿಂದ “ಯವ್ವಾ” ಬರುವುದು ಆಮೇಲೆ. “ಬಂತು, ಅತ್ತಿ” ಅಂತ ನಾನು ಅವಳಿಗಿಂತ ಮೊದಲು ಹೇಳಿದ ದಿನ, ಮನೆಗೆ ಬಂದ ಮೇಲೆ ನನ್ನ ತಾಟಿನಲ್ಲಿ ತುಪ್ಪ ಕೊಂಚ ಹೆಚ್ಚಿತ್ತು.

ಪುಸ್ತಕ ಸಿಕ್ಕಿದ್ದು ಗೋಕಾಕದಲ್ಲಿ. ಸಂತೆಗೆ ಹೋದಾಗ ಅತ್ತೆ ಬಳೆಗಾರನ ಹತ್ತಿರ ಮಾತಿಗೆ ಕೂತರೆ ನಾನು ದವಾಖಾನೆಯ ಕಡೆ ಜಾರುತ್ತಿದ್ದೆ. ಅಲ್ಲೊಬ್ಬ ನರ್ಸಬಾಯಿ ಇದ್ದರು. ಕನ್ನಡ ಮರಾಠಿ ಎರಡನ್ನೂ ಒಂದೇ ಉಸಿರಲ್ಲಿ ಆಡುವವರು. ಕಿಟಕಿಯಲ್ಲಿ ನಿಂತು ಇಣುಕುತ್ತಿದ್ದ ನನ್ನನ್ನು ಮೊದಲು ಗದರಿದರು, ಆಮೇಲೆ ಒಳಗೆ ಕರೆದರು, ಕೊನೆಗೆ ಹೊದಿಕೆ ಹರಿದ ಒಂದು ಮರಾಠಿ ಪುಸ್ತಕ ಕೈಯಲ್ಲಿಟ್ಟರು. ಚಿತ್ರಗಳಿದ್ದವು. ಅಕ್ಷರಕ್ಕೆ ಅಕ್ಷರ ಕೂಡಿಸಿ, ತಿಳಿಯದ ಶಬ್ದಗಳನ್ನು ಮುಂದಿನ ಸಂತೆಗೆ ಕೇಳಿ, ಹೆಂಗೋ ಓದಿದೆ. ಅವರು ಪ್ರತಿ ಸಲವೂ ಹೇಳುತ್ತಿದ್ದದ್ದು ಒಂದೇ ಮಾತು: “ಕೈ ತೊಳಿ, ಎಲ್ಲಾ ಕುದಸು. ಬಾಕಿ ದೇವರು ನೋಡತಾನ.”

ಕುದಿಸುವ ಹುಚ್ಚು ನನಗೆ ಹಿಡಿದದ್ದು ಹಾಗೆ. ಕತ್ತರಿ ಕುದಿಸಿದೆ, ದಾರ ಕುದಿಸಿದೆ, ಹಳೆಯ ಧೋತರ ಹರಿದು ಕುದಿಸಿದೆ. ಕೈಗೆ ಸಿಕ್ಕಿತು ಅಂತ ಅತ್ತೆಯ ಅಡಕತ್ತರಿಯನ್ನೂ ಕುದಿಸಿದೆ. ಅವರು ಬೋಗುಣಿಯೊಳಗೆ ಇಣುಕಿ ನೋಡಿ, “ಯಾಕವ್ವ, ಇವತ್ತ ಅಡಿಕಿ ಹಡಿಯೂದೈತೇನ?” ಅಂದರು.

ನಕ್ಕರೂ ಅವರು ತಡೆಯಲಿಲ್ಲ. ಅವರಿಗೂ ಒಂದು ಚಿಂತೆ ಇತ್ತು. ಹುಟ್ಟುವಾಗ ಚೆಂದವಿದ್ದು, ಎದೆಹಾಲು ಕುಡಿದು, ಒಂದು ವಾರ ತುಂಬುವ ಹೊತ್ತಿಗೆ ಬಾಯಿ ಕಚ್ಚಿ, ಮೈ ಬಿಲ್ಲಿನ ಹಾಗೆ ಸೆಟೆದು ಹೋಗಿಬಿಡುವ ಕೂಸುಗಳನ್ನು ಅವರು ಕಂಡಿದ್ದರು. ಹುಟ್ಟಿದ ಐದನೆಯ ದಿನ ಸಟವಿ ತಾಯಿ ಬಂದು ಕೂಸಿನ ಹಣೆಬರಹ ಬರೆಯುತ್ತಾಳೆ, ಅವಳು ಹಾಗೆ ಬರೆದಳು ಅಂತ ಮಂದಿ ಸುಮ್ಮನಾಗುತ್ತಿದ್ದರು. ನಮ್ಮತ್ತೆಯೂ ಬಾಯಲ್ಲಿ ಹಾಗೇ ಅನ್ನುತ್ತಿದ್ದರು. ಆದರೆ ಪುಸ್ತಕದಲ್ಲಿ ಆ ಪುಟ ಬಂದಾಗ ಓದಿಸಿ, ಮತ್ತೆ ಓದಿಸಿ ಕೇಳಿದರು. ಕೊಯ್ದ ಹೊಕ್ಕುಳದಲ್ಲಿ ಹೊಲಸು ಹೊಕ್ಕರೆ ಈ ಬೇನೆ ಬರುತ್ತದೆ, ಕುಡಗೋಲು, ಸಗಣಿ, ಬೂದಿ ತಾಗಿಸಬಾರದು ಅಂತ ಅಲ್ಲಿ ಬರೆದಿತ್ತು. ಕೇಳಿ ಎದ್ದು ಹೋಗಿ ಬಹಳ ಹೊತ್ತು ಎಮ್ಮೆಯ ಮೈ ತಿಕ್ಕುತ್ತ ನಿಂತಿದ್ದರು.

ಆ ದಿನಗಳಲ್ಲೇ ನಾಗನೂರದಿಂದ ಒಬ್ಬ ಬಸುರಿ, ತನ್ನ ಅತ್ತೆಯ ಜೊತೆ ನಮ್ಮ ಮನೆಗೆ ಬಂದಳು. ಅವಳ ಅತ್ತೆಯನ್ನು ಊರೆಲ್ಲ ಆಯಿ ಅನ್ನುತ್ತಿತ್ತು. ಹಣೆಯ ತುಂಬ ವಿಭೂತಿ, ಬಾಯಿ ತುಂಬ ಮಾತು. ಆಯಿ ನಮ್ಮತ್ತೆಯ ಜೊತೆ ಪಡಸಾಲೆಯಲ್ಲಿ ಎಲೆ ಅಡಿಕೆಗೆ ಕೂತಾಗ, ಸೊಸೆ ಮೆಲ್ಲಗೆ ಹಿತ್ತಲಿಗೆ ನನ್ನ ಹಿಂದೆ ಬಂದಳು.

“ಅಕ್ಕಾರ, ನೀವು ಪುಸ್ತಕ ಓದತೀರಂತಲ್ರಿ?”

“ಓದತೀನಿ ತಂಗಿ, ಹೆಂಗೋ ಒಂದು.”

“ಅದರಾಗ ನನ್ನ ಕೂಸಿನ ಬಗ್ಗೆ ಏನರ ಬರದಾರೇನ್ರಿ?”

ಅವಳ ಮೊದಲ ಹೆರಿಗೆ ತವರಿನಲ್ಲಿ, ಹುಕ್ಕೇರಿ ಕಡೆಯ ದಡ್ಡಿಯಲ್ಲಿ ಆಗಿತ್ತು. ಗಂಡು ಕೂಸು. ಅಳುವುದು, ಕುಡಿಯುವುದು ಎಲ್ಲ ಚೆನ್ನಾಗಿತ್ತು. ಒಂದು ಮುಂಜಾನೆ ಮೊಲೆ ಕೊಟ್ಟರೆ ಬಾಯಿ ತೆರೆಯಲಿಲ್ಲ. ಅಷ್ಟು ಹೇಳಿ ಅವಳು ಗೋಡೆಯ ಮಣ್ಣು ಕೆರೆಯುತ್ತ ನಿಂತಳು. ನಾನು ಪುಸ್ತಕ ತಂದು, ಆ ಪುಟ ತೆಗೆದು, ಕನ್ನಡದಲ್ಲಿ ಹೇಳಿದೆ.

“ಹಂಗಾರ ನಾ ಏನೂ ಮಾಡಿಲ್ಲ? ನನ್ನ ಹಾಲಿನ ದೋಷ ಅಲ್ಲ?”

“ಅಲ್ಲ. ನಿಂದೂ ಅಲ್ಲ, ಯಾರದೂ ಅಲ್ಲ. ಯಾರಿಗೂ ಗೊತ್ತಿರಲಿಲ್ಲ, ಅಷ್ಟ.”

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕೈ ಹಿಡಿದಳು. “ಈ ಸಲ ನನ್ನ ಕೂಸಿನ ಹೊಕ್ಕಳಕ್ಕ ಕುದಿಸಿದ್ದ ಬಿಟ್ಟು ಬ್ಯಾರೆ ಏನೂ ಮುಟ್ಟಸಬ್ಯಾಡ್ರಿ. ಮಾತ ಕೊಡ್ರಿ ಅಕ್ಕಾರ.”

ಮಾತು ಕೊಟ್ಟೆ. ಒಳಗಿಂದ ಆಯಿಯ ಗಟ್ಟಿ ದನಿ ಕೇಳುತ್ತಿತ್ತು. “ಈ ಸಲ ತವರಿಗೆ ಕಳಸೂದಿಲ್ರಿ ನಾ. ಏನಾದರೂ ನನ್ನ ಕಣ್ಣ ಮುಂದ ಆಗ್ಲಿ. ನನ್ನ ಕಣ್ಣ ಮುಂದ ಹೆಂಗ ತಪ್ಪತೈತಿ ನೋಡೇ ಬಿಡತೀನಿ.”

ಅವಳಿಗಾಗಿ ನಾನು ಕಟ್ಟಿದ ಗಂಟನ್ನು ನೀವು ನೋಡಬೇಕಿತ್ತು. ಕತ್ತರಿ, ದಾರದ ತುಂಡುಗಳು, ಮೆತ್ತನೆಯ ಅರಿವೆಗಳು, ಎಲ್ಲ ಕುದಿಸಿ, ಬಿಸಿಲಿನಲ್ಲಿ ಒಣಗಿಸಿ, ಕುದಿಸಿದ ಬಟ್ಟೆಯಲ್ಲೇ ಸುತ್ತಿ, ಮೇಲೆ ಇನ್ನೊಂದು ಬಟ್ಟೆ ಸುತ್ತಿ ಗಂಟು ಹಾಕಿದೆ. ಕುಂಬಳಕಾಯಿಯ ಮೇಲೆ ಕಲಿತ ಗಂಟು. ಎಳೆದಷ್ಟೂ ಬಿಗಿಯಾಗುವಂಥದು. ನರ್ಸಬಾಯಿ ಕಂಡಿದ್ದರೆ ಬೆನ್ನು ತಟ್ಟುತ್ತಿದ್ದರು.

ಹತ್ತಿ ಬಿಡಿಸಿ ಮುಗಿದು, ಗಿಡದ ಒಣಕಟ್ಟಿಗೆ ಒಲೆಗೆಂದು ಮನೆಗೆ ಬಂದ ದಿನಗಳು. ಒಂದು ಮುಂಜಾನೆ ಆ ಬಸುರಿಯ ಗಂಡ ಚಕ್ಕಡಿ ಹೊಡೆದುಕೊಂಡು ಬಂದ. ಎತ್ತುಗಳಿಗಿಂತ ಅವನೇ ಹೆಚ್ಚು ಏದುತ್ತಿದ್ದ.

“ಲಗೂ ಬರ್ರಿ ಯವ್ವಾ. ಬ್ಯಾನಿ ಸುರು ಆಗ್ಯಾವು. ನಮ್ಮವ್ವ ಒಂದ ಸವನ ಬಡಕೊಳ್ಳಾಕತ್ತಾಳ.”

ನಮ್ಮತ್ತೆ ಚಹಾ ಬಸಿಯಿಂದ ತಲೆ ಎತ್ತಲಿಲ್ಲ. “ಹಡಿಯಾಕಿ ನಿನ್ನ ಹೇಣ್ತಿ, ನಿಮ್ಮವ್ವ ಅಲ್ಲ. ಕುಂಡ್ರು, ಒಂದ ಗುಟಕ ಚಾ ಕುಡಿ.”

ನಾಗನೂರದ ಮನೆಯಲ್ಲಿ ಆಯಿ ಒಳಗಿನ ಕೋಣೆಯನ್ನು ಹಸಿ ಸಗಣಿಯಿಂದ ಚೊಕ್ಕ ಸಾರಿಸಿ ಇಟ್ಟಿದ್ದಳು. ಅವಳ ಲೆಕ್ಕದಲ್ಲಿ ಅದಕ್ಕಿಂತ ಶುದ್ಧ ಇನ್ನೊಂದಿಲ್ಲ. ನಾನು ನನ್ನ ಗಂಟನ್ನು ಎತ್ತರದ ಗೂಟಕ್ಕೆ ತೂಗುಹಾಕಿ, “ಆಯಿ, ಇದನ್ನ ಯಾರೂ ಮುಟ್ಟಬಾರದ್ರಿ” ಅಂದೆ.

“ನಿನ್ನ ಗಂಟ ಯಾರ ಮುಟ್ಟತಾರ ಬಿಡವ್ವ” ಅಂದಳು ಆಯಿ.

ನಾನು ಬೆನ್ನು ಕೊಟ್ಟು ಕೂತೆ. ಮೊದಲು ಬೇನೆಗಳು ಚೆನ್ನಾಗಿ ಬರುತ್ತಿದ್ದವು. ಹೊತ್ತು ನೆತ್ತಿಗೆ ಬರುವಾಗ ಸೋತವು. ಅವಳ ಬೆನ್ನು ಗಟ್ಟಿಯಾಗುವುದು, ನಡುವೆಯೇ ಬಿಟ್ಟುಕೊಡುವುದು. ನಮ್ಮತ್ತೆ ಹೊಟ್ಟೆಯ ಮೇಲೆ ಕೈ ಇಟ್ಟು, “ಏನಾಗಿಲ್ಲ, ಸ್ವಲ್ಪ ಸುಧಾರಿಸಿಕೊಳ್ಳಾಕತ್ತೈತಿ. ದಾರಿ ದೂರ ನೋಡು, ಕೂಸಿಗೂ ದಮ್ಮ ಹತ್ತತೈತಿ” ಅಂತ ಅವಳಿಗೆ ಜೀರಿಗೆ ನೀರು ಕುಡಿಸಿದರು. ಬಾಗಿಲಲ್ಲಿ ಮಾತ್ರ ಹೆಂಗಸರ ಗುಂಪು ಬೆಳೆಯಿತು. ಒಬ್ಬಳು ಹಿಂದಿನ ಕೂಸಿನ ಸುದ್ದಿ ತೆಗೆದಳು. ಇನ್ನೊಬ್ಬಳು ಅಯ್ಯಯ್ಯೋ ಅಂದಳು. ಸೊಸೆಯ ಬೆನ್ನು ನಡುಗಿದ್ದು ನನಗೆ ಗೊತ್ತಾಯಿತು.

ಅದೇ ಹೊತ್ತಿಗೆ ನಮ್ಮತ್ತೆ ಕೂಗಿ ಹೇಳಿದರು: “ಆಯಿ, ಮನ್ಯಾಗಿನ ಗಂಟೆಲ್ಲಾ ಬಿಚ್ಚಸ್ರಿ!”

ನಮ್ಮ ಕಡೆ ಹೆರಿಗೆ ತಡವಾದರೆ ಮನೆಯಲ್ಲಿ ಕಟ್ಟಿದ್ದೆಲ್ಲ ಬಿಚ್ಚುವುದು, ಮುಚ್ಚಿದ್ದೆಲ್ಲ ತೆರೆಯುವುದು ಪದ್ಧತಿ. ಮನೆಯಲ್ಲಿ ಗಂಟು ಇದ್ದರೆ ಕೂಸಿಗೂ ದಾರಿ ಕಟ್ಟುತ್ತದೆ ಅಂತ. ಕೊರಳಲ್ಲಿ ಲಿಂಗ ಕಟ್ಟಿದ ಶಿವದಾರ, ತಾಳಿ, ಇವೆರಡನ್ನು ಬಿಟ್ಟರೆ ಯಾವುದಕ್ಕೂ ರಿಯಾಯಿತಿ ಇಲ್ಲ. ಆಯಿ ಇಂಥ ಅಪ್ಪಣೆಗೇ ಕಾಯುತ್ತಿದ್ದಳೇನೋ. ಬಾಗಿಲಲ್ಲಿದ್ದ ಗುಂಪು ಒಂದೇ ಏಟಿಗೆ ಕರಗಿತು. ಒಬ್ಬಳು ಟ್ರಂಕಿನ ಕೀಲಿ ತೆಗೆದಳು, ಒಬ್ಬಳು ಜೋಳದ ಚೀಲಗಳ ಬಾಯಿ ಬಿಚ್ಚಿದಳು, ಒಬ್ಬಳು ಉಪ್ಪಿನಕಾಯಿ ಭರಣಿಯ ಅರಿವೆ ಕಿತ್ತಳು. ಎಲ್ಲರ ತುರುಬೂ ಬಿಚ್ಚಿದವು. ಯಾರೋ ಹೊರಸಿನ ಹಗ್ಗಕ್ಕೆ ಕೈ ಹಾಕಿದಾಗ ಅದರ ಮೇಲೆ ಕೂತಿದ್ದ ಮುದುಕ, “ನಾ ಏನ ತಡದೇನಿ, ನನ್ನ್ಯಾಕ ಕೆಡವತೀರಿ?” ಅಂತ ಕೂಗಿದ. ಕೊಟ್ಟಿಗೆಯಲ್ಲಿ ಎತ್ತುಗಳ ಕಣ್ಣಿಯೂ ಬಿಚ್ಚಿತು. ಅವು ಒಂದು ಕ್ಷಣ ನಂಬದೆ ನಿಂತು, ಆಮೇಲೆ ಬಾಜೂ ಮನೆಯ ಕಣಿಕೆ ಬಣವೆಯ ಕಡೆ ಓಡಿದವು. ಅವುಗಳ ಹಿಂದೆ ಹೆಂಡತಿಯ ಚಿಂತೆಯಲ್ಲಿ ಬಾಗಿಲಿಗೂ ಬಾವಿಗೂ ಅಡ್ಡಾಡುತ್ತಿದ್ದ ಗಂಡನೂ ಓಡಿದ.

ಮನೆ ಗದ್ದಲ, ಕೋಣೆ ತಣ್ಣಗೆ. ನಮ್ಮತ್ತೆ ಮೆಲ್ಲಗೆ ನಕ್ಕರು. “ಮಂದಿ ಕೈಗೆ ಕೆಲಸ ಕೊಡಬೇಕವ್ವ. ಇಲ್ಲಾಂದ್ರ ಬಾಯಿಗೆ ಕೆಲಸ ಕೊಡತಾರ.” ನನ್ನ ಹಿಂದೆ ಸೊಸೆಯ ಉಸಿರು ನೆಟ್ಟಗಾಯಿತು. ಅವಳ ಬೆನ್ನು ಮತ್ತೆ ಬಿಸಿಯಾಗುತ್ತಿತ್ತು.

ಆಗ ಆಯಿ ಕೋಣೆಗೆ ಬಂದಳು. ಕೂದಲು ಬಿಚ್ಚಿ ಹರಡಿತ್ತು, ಹಣೆಯಲ್ಲಿ ಬೆವರು ಇಳಿಯುತ್ತಿತ್ತು. ಬಿಚ್ಚುವುದು ಇನ್ನೇನಾದರೂ ಉಳಿದಿದೆಯೇ ಅಂತ ಮೂಲೆ ಮೂಲೆ ನೋಡಿದಳು. ನೋಡುತ್ತ ನೋಡುತ್ತ ಅವಳ ಕಣ್ಣು ಗೂಟದ ಮೇಲೆ ನಿಂತಿತು.

ನಾನು ಆ ಗೋಡೆಗೇ ಮುಖ ಮಾಡಿ ಕೂತಿದ್ದೆ. ಎಲ್ಲ ನನ್ನ ಕಣ್ಣ ಮುಂದೆಯೇ ಆಯಿತು. “ಆಯಿ, ಅದನ್ನ ಬ್ಯಾಡ್ರಿ!” ಅಂತ ಕೂಗಿದೆ. ಅದೇ ಕ್ಷಣಕ್ಕೆ ಬೇನೆ ಎದ್ದು ಸೊಸೆ ಚೀರಿದಳು. ನನ್ನ ಮಾತು ಅದರಲ್ಲಿ ಮುಳುಗಿತು. ಏಳುವಂತಿಲ್ಲ, ಎದ್ದರೆ ಆಕೆ ಹಿಂದಕ್ಕೆ ಬೀಳುತ್ತಾಳೆ. ಆಯಿ ಗಂಟು ಇಳಿಸಿದಳು. ಉಗುರು ಹಾಕಿದಳು, ಬಿಚ್ಚಲಿಲ್ಲ. ಹೆಂಗೆ ಬಿಚ್ಚಬೇಕು? ಎಳೆದಷ್ಟೂ ಬಿಗಿಯಾಗುವ ಗಂಟು!

“ಅಯ್ಯ ನಮ್ಮವ್ವ, ಇಲ್ಲೇ ಐತಿ ನೋಡ ತಡದದ್ದು! ಬ್ಯಾನಿ ತಿನ್ನಾಕಿ ತಲಿ ಮ್ಯಾಲ ಇಂಥಾ ಗಂಟ ಯಾರ ತೂಗ ಹಾಕ್ಯಾರ?” ಅನ್ನುತ್ತ ಆಯಿ ಗಂಟಿಗೆ ಹಲ್ಲು ಹಾಕಿದಳು.

ಹಲ್ಲಿಗೆ ಗಂಟು ಸೋತಿತು. ಒಳಗಿನ ಬಟ್ಟೆಯೂ ಬಿಚ್ಚಿತು. ಕತ್ತರಿ ಠಣ್ ಅಂತ ಸಗಣಿ ನೆಲಕ್ಕೆ ಬಿತ್ತು. ದಾರಗಳು, ಅರಿವೆಗಳು ಅದರ ಹಿಂದೆ. ನಾನು ಮಾತು ಕೊಟ್ಟವಳ ಬೆನ್ನು ನನ್ನ ಬೆನ್ನಿಗೇ ಅಂಟಿಕೊಂಡಿದೆ, ನನ್ನ ಮಾತು ನೆಲದ ಮೇಲೆ ಬಿದ್ದಿದೆ.

ಅದೇ ಬೇನೆಗೆ ಕೂಸಿನ ತಲೆ ಕಂಡಿತು.

“ಬಂತು, ಬಂತು! ನಾ ಹೇಳಲಿಲ್ಲಾ?” ಅಂತ ಆಯಿ ಕುಣಿದಳು. ಮುಂದಿನ ಬೇನೆಗೆ ಕೂಸು ನಮ್ಮತ್ತೆಯ ಕೈಯಲ್ಲಿತ್ತು. ಹೆಣ್ಣು ಕೂಸು. ಅತ್ತಿತು ನೋಡಿ, ಮನೆಯ ಗದ್ದಲವೆಲ್ಲ ನಿಲ್ಲುವ ಹಾಗೆ ಅತ್ತಿತು.

ಬಾಣಂತಿಯನ್ನು ದಿಂಬಿಗೆ ಒರಗಿಸಿದ ಕೂಡಲೇ ನಾನು ಕತ್ತರಿ, ದಾರ ಆರಿಸಿಕೊಂಡು ಬಚ್ಚಲ ಒಲೆಗೆ ಓಡಿದೆ. ಹಂಡೆಯ ಕೆಳಗೆ ಬರೀ ಕೆಂಡ. ಹತ್ತಿಕಟ್ಟಿಗೆ ಮುರಿದು ತುರುಕಿ, ಊದಿ, ಕಣ್ಣೀರು ಹೊಗೆಯದೋ ನನ್ನದೋ ತಿಳಿಯದೆ, ಸಣ್ಣ ಬೋಗುಣಿ ಇಟ್ಟೆ. ತಿರುಗಿ ನೋಡಿದರೆ ಆಯಿ ಕುಡಗೋಲು ಹಿಡಿದು ಕೋಣೆಗೆ ಹೊರಟಿದ್ದಳು.

“ಆಯಿ, ತಡೀರಿ!”

“ಯಾಕ ತಡೀಬೇಕ? ನಮ್ಮ ಕಣದಾಗ ಪೂಜಿ ಮಾಡಿದ ಕುಡಗೋಲು ಇದು. ತೊಳದೇನಿ, ಅರಿಷಿಣ ಹಚ್ಚೇನಿ. ಕೂಸು ಹುಟ್ಟಿ ಎಷ್ಟೊತ್ತಾತು, ಇನ್ನಾ ಹಂಗ ಬಿಟ್ಟೀರಿ. ಮನ್ಯಾಗಿನ ಗಂಟೆಲ್ಲಾ ಬಿಚ್ಚಿ ಇದೊಂದ ಕಟಗೊಂಡ ಕುಂತರ ಹೆಂಗ?”

ಅವಳ ಮಾತೂ ಅವಳ ಲೆಕ್ಕಕ್ಕೆ ಸರಿಯೇ ಇತ್ತು. ಎಲ್ಲ ಬಿಚ್ಚಿದ ಮೇಲೆ ಆ ಮನೆಯಲ್ಲಿ ಕಟ್ಟಿಕೊಂಡು ಉಳಿದದ್ದು ಆ ತಾಯಿ ಕೂಸು ಮಾತ್ರ. ಒಲೆ ಬಿಟ್ಟು ಬಂದು ನಾನು ಬಾಗಿಲಿಗೆ ಅಡ್ಡ ನಿಂತೆ. ಆದರೆ ಪುಸ್ತಕದ ಪುಟದ ಮಾತು ಆ ಹೊತ್ತಿಗೆ ಯಾರ ಕಿವಿಗೆ ಹೋಗಬೇಕು?

ಮಾತಾಡಿದವಳು ಒಳಗಿದ್ದವಳು. ಕೂಸನ್ನು ಹೊಟ್ಟೆಯ ಮೇಲೆ ಅವುಚಿಕೊಂಡು, ಬಳ್ಳಿ ಇನ್ನೂ ಕೂಡಿಕೊಂಡಿದ್ದಂತೆಯೇ, ಬೆವರಲ್ಲಿ ತೊಯ್ದ ಮುಖ ಇತ್ತ ತಿರುಗಿಸಿದಳು.

“ಅತ್ತಿ, ಕುಡಗೋಲ ಬ್ಯಾಡ್ರಿ. ನೀರ ಕುದೀಲಿ.”

“ಹುಚ್ಚೀ, ಕೂಸು ಇನ್ನಾ ನಿನಗ ಅಂಟಿಕೊಂಡೈತಿ!”

“ಇರ್ಲಿ ಬಿಡ್ರಿ. ಹೋದ ಸಲ ಲಗೂನ ಬಿಡಿಸಿದ್ರು. ಈಕಿ ಇನ್ನೊಂದೀಟ ಹೊತ್ತು ನನಗ ಕಟಗೊಂಡ ಇರ್ಲಿ.”

ಆಯಿಯ ಕೈ ಕೆಳಗಿಳಿಯಿತು. ನಮ್ಮತ್ತೆ ಬಳ್ಳಿಯನ್ನು ಎರಡು ಬೆರಳಿನಲ್ಲಿ ಮುಟ್ಟಿ ನೋಡಿ ಹೇಳಿದರು, “ಇನ್ನಾ ಬಡ್ಯಾಕತ್ತೈತಿ ನೋಡ್ರಿ ಆಯಿ, ತಾಯಿದು ಕೂಸಿಗೆ ಹೊಂಟೈತಿ. ಇದು ಕಡೀ ಗಂಟು. ಇದಕ್ಕ ಅವಸರ ಇಲ್ಲ.”

ಕುಡಗೋಲನ್ನು ಬಾಗಿಲ ಮೂಲೆಯಲ್ಲಿಟ್ಟು ಆಯಿ ನನ್ನ ಹಿಂದೆ ಒಲೆಯ ಹತ್ತಿರ ಬಂದು ಕೂತಳು. ತಾನೇ ಕಟ್ಟಿಗೆ ಮುರಿದು ಒಲೆಗೆ ಒಡ್ಡಿದಳು. ಬೋಗುಣಿಯ ತಳದಲ್ಲಿ ಸಣ್ಣ ಗುಳ್ಳೆ ಏಳುತ್ತಿದ್ದವು, ಅಷ್ಟೇ.

“ಇದು ಕುದಿ ಅಂದ್ರ ಕುದಿಯವಲ್ದು. ಇದರ ಬಾಯಾಗ ಮಣ್ಣ ಹಾಕ್ಲಿ!”

“ಮಣ್ಣೊಂದ ಬ್ಯಾಡ್ರಿ ಆಯಿ” ಅಂದೆ. ನನಗೇ ಗೊತ್ತಿಲ್ಲದೆ ನಗು ಬಂತು. ಆಯಿಗೂ ಬಂತು. ನಗುತ್ತ ನಗುತ್ತ ಅವಳು ಸೆರಗು ಬಾಯಿಗೆ ಒತ್ತಿ ಅತ್ತುಬಿಟ್ಟಳು. “ಹೋದ ಸಲ ನಾ ಕೂಸಿನ ಮಾರಿನೂ ನೋಡಲಿಲ್ಲವ್ವ. ಚಕ್ಕಡಿ ಹೂಡಿ ದಡ್ಡಿಗೆ ಹೊಂಟಿದ್ದಿನಿ, ದಾರಿಯಾಗ ಸುದ್ದಿ ಬಂತು.”

ನೀರು ಕುಣಿಯತೊಡಗಿತು. ಎರಡು ರೊಟ್ಟಿ ಬಡಿದು ಬೇಯಿಸುವಷ್ಟು ಹೊತ್ತು ಕುಣಿಯಲಿ ಅಂತ ನರ್ಸಬಾಯಿ ಹೇಳಿದ್ದರು. ಆಯಿ ಕೈಯಲ್ಲಿ ಹಿಟ್ಟಿಲ್ಲದಿದ್ದರೂ ತೊಡೆಯ ಮೇಲೆ ರೊಟ್ಟಿ ಬಡಿಯುವವಳ ಹಾಗೆ ತಟ್ಟುತ್ತ ಹೊತ್ತು ಎಣಿಸಿದಳು. ನಾನು ಸಾಬೂನು ಹಚ್ಚಿ ಮೊಳಕೈವರೆಗೆ ತೊಳೆದುಕೊಂಡೆ. ನಮ್ಮತ್ತೆ ಪಕ್ಕಕ್ಕೆ ಸರಿದು, “ನೀನ ಕಟ್ಟು” ಅಂದರು. ಆಗ ಬಳ್ಳಿ ಬಡಿಯುವುದು ನಿಂತಿತ್ತು. ಒಂದು ಕಡೆ ಕಟ್ಟಿದೆ, ಇನ್ನೊಂದು ಕಡೆ ಕಟ್ಟಿದೆ, ನಡುವೆ ಕತ್ತರಿಸಿದೆ. ಕುಂಬಳದ ತೊಟ್ಟಿಗಿಂತ ಗಟ್ಟಿ ಇರುತ್ತದೆ, ಅದನ್ನು ಯಾವ ಪುಸ್ತಕವೂ ಹೇಳಿರಲಿಲ್ಲ. ಮೇಲೆ ಬೂದಿ ಹಚ್ಚಲಿಲ್ಲ, ಏನೂ ಹಚ್ಚಲಿಲ್ಲ. ಗಂಟು ಗಟ್ಟಿ ನಿಂತಿತು.

ಅಷ್ಟರಲ್ಲಿ ಕೂಸಿನ ಅಪ್ಪ ಮೈತುಂಬ ಕಣಿಕೆಯ ಧೂಳು ಹೊತ್ತು, ಒಂದೇ ಎತ್ತನ್ನು ಹಿಡಿದುಕೊಂಡು ಬಂದ.

“ಅವ್ವಾ, ಏನಾತು?”

“ಹೆಣ್ಣ ಕೂಸು. ಮೂಗು ನಿನ್ನಂಗ ಐತಿ. ಇನ್ನೊಂದ ಎತ್ತ ಎಲ್ಲೈತೋ?”

ಮುಂದಿನ ದಿನಗಳು ನನಗೆ ಹೆರಿಗೆಗಿಂತ ಕಠಿಣವಾಗಿದ್ದವು. ದಿನವೂ ಮೂಡಲಗಿಯಿಂದ ನಾಗನೂರಕ್ಕೆ ನಡೆದು ಹೋಗಿ ಹೊಕ್ಕುಳ ನೋಡಿ ಬರುತ್ತಿದ್ದೆ. ಒಣಗುತ್ತ ಬಂದಿತ್ತು, ವಾಸನೆ ಇರಲಿಲ್ಲ, ಕೆಂಪೂ ಇರಲಿಲ್ಲ. ಆದರೆ ಹಲ್ಲು ಹಾಕಿದ ಗಂಟು, ನೆಲಕ್ಕೆ ಬಿದ್ದ ಕತ್ತರಿ ಕಣ್ಣು ಮುಚ್ಚಿದರೆ ಕಾಣುತ್ತಿದ್ದವು. ಐದನೆಯ ದಿನ ಸಟವಿಯ ಪೂಜೆಯಾಯಿತು. ತಾಯಿ ನಗುತ್ತಿರಲಿಲ್ಲ. ಮೊದಲ ಕೂಸು ಬಾಯಿ ಮುಚ್ಚಿದ ಆ ದಿನ ಇನ್ನೂ ದಾಟಿರಲಿಲ್ಲ. ಅವಳು ನಿದ್ದೆಯಲ್ಲೂ ಕೂಸಿನ ಗಲ್ಲ ಮುಟ್ಟಿ ಬಾಯಿ ತೆರೆಯುತ್ತದೋ ನೋಡುತ್ತಿದ್ದಳು.

ಕಡೆಗೆ ಆ ದಿನವೂ ಬಂತು. ನಾನು ಹೋದಾಗ ಆಯಿ ಹೊಸ್ತಿಲಲ್ಲಿ ಕೂತಿದ್ದಳು. ಬಾಯಿ ತುಂಬ ಮಾತಿನವಳು ಒಂದು ಮಾತೂ ಆಡಲಿಲ್ಲ. ಒಳಗೆ ಹೋಗು ಅಂತ ಕೈ ಮಾಡಿದಳು. ಅತ್ತೆ ಕಲಿಸಿದ್ದು, ಪುಸ್ತಕ ಕಲಿಸಿದ್ದು ಎಲ್ಲ ಮರೆತು ಬರೀ “ಶಿವನೇ” ಅನ್ನುತ್ತ ಪರದೆ ಸರಿಸಿದೆ.

ತಾಯಿ ಗೋಡೆಗೆ ಒರಗಿ ಕೂತು ಹಾಲು ಕುಡಿಸುತ್ತಿದ್ದಳು. ಕಣ್ಣಲ್ಲಿ ನೀರು. “ನೋಡ್ರಿ ಅಕ್ಕಾರ, ಈ ಹುಡುಗಿ ಎಷ್ಟ ಜೋರ ಎಳಿಯಾಕತ್ತಾಳ. ಜೀವ ಹೋಗೂವಂಗ ನೋಯತೈತಿ” ಅಂತ ಹೇಳಿ ಆ ಮನೆಯಲ್ಲಿ ಮೊದಲ ಸಲ ನಕ್ಕಳು. ಆಯಿ ಹೊಸ್ತಿಲಿಂದ ಪಿಸುಗುಟ್ಟಿದಳು, “ಮೆಲ್ಲಕ, ಮೆಲ್ಲಕ. ಗಟ್ಟಿ ಹೇಳಿದ್ರ ದೃಷ್ಟಿ ಆಗತೈತಿ. ನಾ ಮುಂಜಾನಿಂದ ಬಾಯಿ ಬಿಟ್ಟಿಲ್ಲ.”

ತೊಟ್ಟಿಲಿಗೆ ಹಾಕುವ ದಿನ ಮಾತ್ರ ಬಾಯಿ ಬಿಟ್ಟಳು. ಎಲ್ಲ ಸೇರಿಸಿ ಬಿಟ್ಟಳು. ಬಂದ ಪ್ರತಿಯೊಬ್ಬರಿಗೂ ಅದೇ ಕಥೆ: “ಮನಿ ಎಲ್ಲಾ ಬಿಚ್ಚಿದಿನ್ರಿ, ಕೂಸು ಬರವಲ್ದು. ಕಡೀಕ ನೋಡತೀನಿ, ಸೂಲಗಿತ್ತಿ ಸೊಸಿ ಗಂಟ ತಲಿ ಮ್ಯಾಲ ಜೋತಾಡಾಕತ್ತೈತಿ! ಹಲ್ಲಿಲೆ ಬಿಚ್ಚಿದೆ. ಬಿಚ್ಚಿದ ಕೂಡಲೆ ಸರಕ್ಕನ ಬಂತು ನೋಡ್ರಿ.”

ನನಗೆ ತಡೆಯಲಾಗಲಿಲ್ಲ. ಹಾಗಲ್ಲ, ಆ ಗಂಟು ಯಾಕೆ ಬಿಚ್ಚಬಾರದಿತ್ತು ಅಂದರೆ, ಅಂತ ಹೇಳಲು ಬಾಯಿ ತೆರೆದೆ. ನಮ್ಮತ್ತೆ ಸುಮ್ಮನೆ ನನ್ನ ಕಾಲು ತುಳಿದರು. ಗಟ್ಟಿಯಾಗಿಯೇ ತುಳಿದರು. ಆಮೇಲೆ ಹೋಳಿಗೆ ಮುರಿಯುತ್ತ, ಸಂತೆಯ ಅಡಿಕೆಯ ಭಾವ ಮಾತಾಡುವವರ ಹಾಗೆ ಹೇಳಿದರು:

“ಖರೆ ಐತಿ ಆಯಿ. ಆ ಗಂಟ ಬಿಚ್ಚಾಕಬೇಕು. ಆದರ ಅದಕ್ಕೊಂದ ರೀತಿ ಐತಿ, ಅವತ್ತ ಅವಸರದಾಗ ಹೇಳಾಕಾಗಲಿಲ್ಲ. ಅದು ಕಡೀ ಗಂಟು. ಎಲ್ಲಾ ಬಿಚ್ಚಿದ ಮ್ಯಾಲೆ, ನೀರ ಕುದ್ದ ಮ್ಯಾಲೆ, ಸೂಲಗಿತ್ತಿ ತಾನ ಕೈ ತೊಳಕೊಂಡು ಬಿಚ್ಚಬೇಕು. ಮೊದಲ ಬಿಚ್ಚಿದ್ರ ಅವತ್ತಿನಂಗ ಎರಡ ಕೆಲಸ ಆಗತಾವು.”

ಆಯಿ ಹೋಳಿಗೆ ಹಿಡಿದ ಕೈ ಹಾಗೇ ಇಟ್ಟು ಯೋಚಿಸಿದಳು. “ಹೌದಲ್ಲ” ಅಂದಳು ಮೆಲ್ಲಗೆ. “ಅದಕ್ಕ ನೀರ ಕುದಿಯವಲ್ದಾಗಿತ್ತು!”

ದಾರಿಯಲ್ಲಿ ನಾನು ಅತ್ತೆಯನ್ನು ಕೇಳಿದೆ, “ಇಂಥಾ ರೀತಿ ಎಲ್ಲಿ ಐತ್ರಿ? ನಾ ಕೇಳೇ ಇಲ್ಲ.”

“ನಿನ್ನ ಪುಸ್ತಕದಾಗ ಇಲ್ಲೇನ?” ಅಂದರು. “ಹಂಗಾರ ನೀನ ಬರಕೋ.”

ಮುಂದೆ ನಾಗನೂರದಲ್ಲಿ ಆಯಿಯ ಓಣಿಯ ಇನ್ನೊಂದು ಮನೆಯಿಂದ ಕರೆ ಬಂದಾಗ ನಮ್ಮತ್ತೆಗೆ ಮೊಣಕಾಲು ಹಿಡಿದಿತ್ತು. ಮುಂದೆ ಕೂರುವವಳು ನಾನೇ ಆದೆ. ಹಿಂದೆ ಬೆನ್ನು ಕೊಟ್ಟವಳು ಯಾರು ಗೊತ್ತೇ? ಮಗಳನ್ನು ಹತ್ತು ತಿಂಗಳು ಎದೆಹಾಲಿನಲ್ಲಿ ದುಂಡಗೆ ಬೆಳೆಸಿದ ಆಯಿಯ ಅದೇ ಸೊಸೆ, ತಾನಾಗಿಯೇ ಬಂದು ಕೂತಿದ್ದಳು. ಆ ಮಗು ಪಡಸಾಲೆಯಲ್ಲಿ ಅಂಬೆಗಾಲಿಕ್ಕುತ್ತ, ಕೈಗೆ ಸಿಕ್ಕ ಚೀಲದ ಬಾಯಿ ಎಳೆಯುತ್ತಿತ್ತು. ಗಂಟು ಬಿಚ್ಚುವ ಹೊತ್ತು ಬಂದಾಗ ಆಯಿ ನಡುಮನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಹುಕುಂ ಕೊಡುತ್ತಿದ್ದಳು. ನನ್ನ ಗಂಟು ಗೂಟದ ಮೇಲಿರಲಿಲ್ಲ. ಅವಳ ಮಡಿಲಲ್ಲಿತ್ತು. ಎರಡೂ ತೋಳಿನಿಂದ ಅವುಚಿಕೊಂಡಿದ್ದಳು. ಆ ಮನೆಯ ಹೆಂಗಸು ಒಬ್ಬಳು ಅದಕ್ಕೆ ಕೈ ಹಾಕಿದಾಗ ಪಟ್ಟನೆ ಕೈ ಮೇಲೆ ಹೊಡೆದಳು.

“ಮುಟ್ಟಬ್ಯಾಡ! ಇದು ಕಡೀ ಗಂಟು. ಇದಕ್ಕ ರೀತಿ ಐತಿ.”

ಕೂಸು ಬಂತು. ಅಳು ಕೇಳಿತು. ನಾನು ಕೈ ತೊಳೆದುಕೊಂಡು, ನೀರು ತೊಟ್ಟಿಕ್ಕುವ ಕೈ ಮುಂದೆ ಚಾಚಿ ಬಾಗಿಲಿಗೆ ಬಂದು, “ಆಯಿ, ಗಂಟು ಕೊಡ್ರಿ” ಅಂದೆ.

ಆಯಿ ಕೊಡಲಿಲ್ಲ. ನನ್ನ ಕೈ ತಿರುಗಿಸಿ ನೋಡಿದಳು, ಉಗುರು ನೋಡಿದಳು. ಆಮೇಲೆ ಒಲೆಯ ಕಡೆ ಕತ್ತು ಚಾಚಿ ಕೇಳಿದಳು:

“ಮೊದಲ ಅದನ್ನ ಹೇಳು. ನೀರ ಕುದ್ದೈತೇನ?”